ನೀಲಿಯ ನಷ್ಟ ಯಾರ ಪಾಲಿಗೆ?

ಕಳೆದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಡೆದ ವಾದವನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಬಿಸಿಬೇಳೆ ಭಾತು ಆರಿಹೋಗುವಷ್ಟು ಹೊತ್ತು ಅದು ನಡೆಯಿತು. ಇಲ್ಲಿಯೇ ಹುಟ್ಟಿ ಬೆಳೆದು ಈಗ ಕಾಲೇಜು ಸೇರಿರುವ ನಮ್ಮ ಹುಡುಗನೊಬ್ಬ, ಯುರೋಪಿನ ಸಿರಿಯೆಲ್ಲ ನಮ್ಮಂಥ ದೇಶಗಳಿಂದ ದೋಚಿದ್ದು, ಅವರದೆನ್ನುವುದು ಏನೂ ಇಲ್ಲ ಎಂದ. ಅವನ ಹಿಂದೆಯೇ ತಟ್ಟೆ ಹಿಡಿದು ನಿಂತಿದ್ದ ಹಿರಿಯರೊಬ್ಬರು, "ಸುಮ್ಮನಿರಪ್ಪ, ಅವರು ಬರದಿದ್ದರೆ ನಾವಿನ್ನೂ ಎತ್ತಿನ ಗಾಡಿಯಲ್ಲೇ ಇರುತ್ತಿದ್ದೆವು. ಅವರಿಗೆ ವಿದ್ಯೆ ಇತ್ತು, ನಮಗಿರಲಿಲ್ಲ, ಅಷ್ಟೆ" ಎಂದರು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಡಾಕ್ಟರೇಟು ಮಾಡಿದವಳು, ತೀರ್ಪು ಹೇಳಲಿ ಎಂದು. ನನ್ನ ಡಾಕ್ಟರೇಟು ರಸಾಯನಶಾಸ್ತ್ರದಲ್ಲಿ, ಚರಿತ್ರೆಯಲ್ಲಲ್ಲ ಎಂದು ಹೇಳಿ ಉಪ್ಪಿನಕಾಯಿಯ ಕಡೆಗೆ ಸರಿದುಬಿಟ್ಟೆ.

ಮನೆಗೆ ಹೋಗುವಾಗ ರೈಲಿನಲ್ಲಿ ಕೂತು ಯೋಚಿಸಿದರೆ ನಾಚಿಕೆಯಾಯಿತು. ಆ ಪ್ರಶ್ನೆಗೆ ಉತ್ತರದ ಅರ್ಧ ಭಾಗ ನನ್ನ ಶಾಸ್ತ್ರದಲ್ಲೇ ಇದೆ. ಅದೂ ನಾವು ವಾಸವಾಗಿರುವ ಈ ರೈನ್ ನದಿಯ ದಂಡೆಯಲ್ಲೇ ನಡೆದ ಸಂಗತಿಯಲ್ಲಿದೆ. ಸಂಪಾದಕರು ಲೇಖನ ಕೇಳಿದ್ದು ಒಳ್ಳೆಯದೇ ಆಯಿತು. ಅಂದು ತಪ್ಪಿಸಿಕೊಂಡದ್ದಕ್ಕೆ ಇಂದು ದಂಡ ಕಟ್ಟುತ್ತಿದ್ದೇನೆ.

ಸಂಗತಿ ನೀಲಿ ಬಣ್ಣದ್ದು. ನಮ್ಮ ಅಜ್ಜಿಯರು ಬಿಳಿ ಪಂಚೆಗೆ ಹಾಕುತ್ತಿದ್ದ ನೀಲಿ ಪುಡಿಯಲ್ಲ. ಅದು ಬೇರೆ ವಸ್ತು, ಅಲ್ಟ್ರಾಮರೀನ್ ಎಂಬ ಖನಿಜ ಬಣ್ಣ. ನಾನು ಹೇಳುತ್ತಿರುವುದು ಗಿಡದ ನೀಲಿ, ಇಂದು ನಮ್ಮ ಮಕ್ಕಳೆಲ್ಲ ತೊಡುವ ಜೀನ್ಸ್ ಬಟ್ಟೆಯ ನೀಲಿ. ನೀಲಿ ಗಿಡದ ಎಲೆಯಲ್ಲಿ ನೀಲಿ ಇರುವುದಿಲ್ಲ. ಅಲ್ಲಿರುವುದು ಬಣ್ಣವಿಲ್ಲದ, ಸಕ್ಕರೆಗೆ ಅಂಟಿಕೊಂಡ ಒಂದು ವಸ್ತು. ಎಲೆಯನ್ನು ತೊಟ್ಟಿಯ ನೀರಿನಲ್ಲಿ ನೆನೆಹಾಕಿದರೆ ಅದು ಹುಳಿತು ಸಕ್ಕರೆ ಕಳಚಿಕೊಳ್ಳುತ್ತದೆ. ಆ ನೀರನ್ನು ಗಂಟೆಗಟ್ಟಲೆ ಬಡಿದರೆ ಗಾಳಿ ಸೇರಿ ನೀಲಿಯಾಗಿ ತಳಕ್ಕೆ ಇಳಿಯುತ್ತದೆ. ಅದನ್ನು ಸೋಸಿ, ಹಿಂಡಿ, ಬಿಲ್ಲೆಯಾಗಿ ಕತ್ತರಿಸಿ ಒಣಗಿಸುತ್ತಿದ್ದರು. ಈ ವಿದ್ಯೆ ಭಾರತದ್ದೇ ಎಂಬುದಕ್ಕೆ ಸಾಕ್ಷಿ ಹೆಸರಿನಲ್ಲೇ ಇದೆ. ಗ್ರೀಕರು ಅದನ್ನು 'ಇಂಡಿಕಾನ್', ಅಂದರೆ ಭಾರತದ್ದು ಎಂದು ಕರೆದರು. ಇಂಡಿಗೋ ಎಂಬ ಮಾತು ಅಲ್ಲಿಂದ ಬಂದದ್ದು. ಹಿರಿಯರು ಹೇಳಿದ 'ನಮಗೆ ವಿದ್ಯೆ ಇರಲಿಲ್ಲ' ಎಂಬ ಮಾತು ಇಲ್ಲಿಗೇ ಸ್ವಲ್ಪ ಸಡಿಲವಾಗುತ್ತದೆ.

ಹಾಗೆಂದು ಹುಡುಗ ಗೆದ್ದನೆಂದಲ್ಲ. ಯುರೋಪಿನವರಿಗೂ ಸ್ವಂತ ನೀಲಿ ಇತ್ತು. ಜರ್ಮನಿಯ ಥುರಿಂಗಿಯಾ ಸೀಮೆಯಲ್ಲಿ 'ವಾಯ್ಡ್' ಎಂಬ ಗಿಡ ಬೆಳೆಯುತ್ತಿದ್ದರು, ಎರ್ಫುರ್ಟ್ ಪಟ್ಟಣದ ವರ್ತಕರು ಅದರಿಂದಲೇ ಶ್ರೀಮಂತರಾದರು. ನಮ್ಮಲ್ಲಿ ಕೆಲವರು ಬೇಸಿಗೆ ರಜೆಗೆ ಅಲ್ಲಿಗೆ ಹೋಗಿ ಹಳೆಯ ಸೇತುವೆಯ ಮೇಲೆ ಫೋಟೋ ತೆಗೆಸಿಕೊಂಡಿದ್ದೀರಿ. ಆ ಊರಿನ ಹಳೆಯ ವೈಭವದಲ್ಲಿ ಒಂದು ಪಾಲು ಈ ಗಿಡದ್ದು. ಅದರೊಳಗಿನ ಬಣ್ಣವೂ ನಮ್ಮ ಗಿಡದ ಬಣ್ಣವೂ ಒಂದೇ ಅಣು. ನಮ್ಮದರಲ್ಲಿ ಪ್ರಮಾಣ ಹೆಚ್ಚು, ಅಷ್ಟೇ ವ್ಯತ್ಯಾಸ. ಪೋರ್ಚುಗೀಸರ ಸಮುದ್ರಮಾರ್ಗವಾಗಿ ಭಾರತದ ನೀಲಿ ಬರತೊಡಗಿದಾಗ ಇಲ್ಲಿಯ ರೈತರು, ವರ್ತಕರು ಬೊಬ್ಬೆ ಹಾಕಿದರು. 1577ರಲ್ಲಿ ಜರ್ಮನ್ ಸಾಮ್ರಾಜ್ಯದ ಕಟ್ಟಳೆ ಹೊರಗಿನ ನೀಲಿಯನ್ನು ಬಟ್ಟೆ ತಿನ್ನುವ 'ಸೈತಾನನ ಬಣ್ಣ' ಎಂದು ಹೆಸರಿಟ್ಟು ನಿಷೇಧಿಸಿತು. 1609ರಲ್ಲಿ ಫ್ರಾನ್ಸಿನ ನಾಲ್ಕನೆಯ ಹೆನ್ರಿ ಅದನ್ನು ಬಳಸಿದವರಿಗೆ ಮರಣದಂಡನೆಯನ್ನೇ ಸಾರಿದ. ಏನೂ ಪ್ರಯೋಜನವಾಗಲಿಲ್ಲ. ಆ ಕಾಲದಲ್ಲಿ ಹೊರಗಿನ ಸರಕಿಗೆ ಹೆದರಿ ಬಾಗಿಲು ಹಾಕಿಕೊಂಡವರು ಇವರು, ತಳ ಸೇರಿದವರು ಥುರಿಂಗಿಯಾದ ರೈತರು.

ಆಮೇಲೆ ಕಥೆ ಕರಾಳವಾಗುತ್ತದೆ. ಬೇಡಿಕೆ ಹೆಚ್ಚಿದಂತೆ ಯುರೋಪಿನವರು ಕೆರಿಬಿಯನ್ ದ್ವೀಪಗಳಲ್ಲಿಯೂ ದಕ್ಷಿಣ ಕ್ಯಾರೊಲೈನಾದಲ್ಲಿಯೂ ಆಫ್ರಿಕದ ಗುಲಾಮರಿಂದ ನೀಲಿ ಬೆಳೆಸಿದರು. ಅಮೆರಿಕ ಕೈಬಿಟ್ಟಿತು, 1791ರಲ್ಲಿ ಈಗಿನ ಹೈಟಿಯ ಗುಲಾಮರು ಬಂಡೆದ್ದರು. ಆಗ ಇಂಗ್ಲೆಂಡಿನವರು ಬಂಗಾಳದ ಕಡೆ ತಿರುಗಿದರು. ಹೀಗೆ ನಮ್ಮ ನೆಲದ ಬೆಳೆಯೇ ಅಟ್ಲಾಂಟಿಕ್ ಸುತ್ತಿ, ಬೇರೆಯವರ ರಕ್ತ ಕುಡಿದು, ತೋಟದ ದೊರೆಯ ಬೆಳೆಯಾಗಿ ನಮ್ಮ ನೆಲಕ್ಕೇ ಮರಳಿತು. ಬಂಗಾಳದ ರೈತನಿಗೆ ಮುಂಗಡ ಕೊಟ್ಟು ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಆ ಮುಂಗಡ ತೀರುವಂಥದ್ದಲ್ಲ. ತೂಕ ದೊರೆಯದು, ಬೆಲೆ ದೊರೆಯದು. ಬಾಕಿ ಮಾತ್ರ ಅಪ್ಪನಿಂದ ಮಗನಿಗೆ. 1859ರಲ್ಲಿ ನದಿಯಾ, ಜೆಸ್ಸೋರ್ ಜಿಲ್ಲೆಗಳ ರೈತರು ನೀಲಿ ಬಿತ್ತುವುದಿಲ್ಲ ಎಂದು ಕೈಕಟ್ಟಿ ನಿಂತರು. ಮರುವರ್ಷ ದೀನಬಂಧು ಮಿತ್ರರ 'ನೀಲದರ್ಪಣ' ನಾಟಕ ಹೊರಬಂತು. ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ತಪ್ಪಿಗೆ ಪಾದ್ರಿ ಜೇಮ್ಸ್ ಲಾಂಗ್ ಅವರಿಗೆ 1861ರಲ್ಲಿ ಒಂದು ತಿಂಗಳ ಸೆರೆವಾಸ, ಸಾವಿರ ರೂಪಾಯಿ ಜುಲ್ಮಾನೆ ಆಯಿತು. ಜುಲ್ಮಾನೆಯನ್ನು ಕಟ್ಟಿದವರು ಬಂಗಾಳಿ ಸಾಹಿತಿ ಕಾಳೀಪ್ರಸನ್ನ ಸಿಂಹ. 'ಅವರು', 'ನಾವು' ಎಂದು ಗೆರೆ ಎಳೆಯುವವರು ಈ ಇಬ್ಬರನ್ನು ಯಾವ ಕಡೆ ನಿಲ್ಲಿಸುತ್ತಾರೋ ನನಗೆ ತಿಳಿಯದು.

ಬಂಗಾಳ ಕೈತಪ್ಪುತ್ತಲೇ ನೀಲಿಯ ಕೇಂದ್ರ ಬಿಹಾರಕ್ಕೆ, ತಿರ್ಹುತ್ ಸೀಮೆಗೆ ಸರಿಯಿತು. ಅಲ್ಲಿನ ಚಂಪಾರಣ್ ಜಿಲ್ಲೆಯಲ್ಲಿ 'ತೀನ್‌ಕಠಿಯಾ' ಎಂಬ ಪದ್ಧತಿ. ಒಂದು ಬಿಘೆಗೆ ಇಪ್ಪತ್ತು ಕಠ್ಠಾ. ಅದರಲ್ಲಿ ಮೂರು ಕಠ್ಠಾ ನೆಲದಲ್ಲಿ ದೊರೆಗಾಗಿ ನೀಲಿ ಬೆಳೆಯಲೇಬೇಕು. ಮೂರು ಯಾವುದು ಎಂದು ಆರಿಸುವವನು ದೊರೆ. ಸಹಜವಾಗಿಯೇ ಅವನು ಒಳ್ಳೆಯ ಮಣ್ಣನ್ನೇ ಆರಿಸುತ್ತಿದ್ದ.

ಈಗ ರೈನ್ ದಂಡೆಗೆ ಬರೋಣ. ಮ್ಯೂನಿಕ್ಕಿನ ಅಡಾಲ್ಫ್ ಫಾನ್ ಬೇಯರ್ ನೀಲಿಯ ಅಣುವಿನ ಹಿಂದೆ 1865ರಿಂದಲೇ ಬಿದ್ದಿದ್ದರು. 1880ರಲ್ಲಿ ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸುವ ದಾರಿಗೆ ಪೇಟೆಂಟು ಬಂತು, 1883ರ ಹೊತ್ತಿಗೆ ಅಣುವಿನ ರಚನೆ ಗೊತ್ತಾಯಿತು. ಗಾಜಿನ ಬುರುಡೆಯಲ್ಲಿ ಒಂದು ಚಿಟಿಕೆ ಮಾಡುವುದು ಬೇರೆ, ಗಿಡಕ್ಕಿಂತ ಅಗ್ಗವಾಗಿ ಟನ್ನುಗಟ್ಟಲೆ ಮಾಡುವುದು ಬೇರೆ. ನಮ್ಮ ವೃತ್ತಿಯಲ್ಲಿರುವವರಿಗೆ ಈ ಎರಡರ ನಡುವಿನ ಕಂದಕ ಗೊತ್ತು. ನಾನೂ ಅದರಲ್ಲಿ ಬಿದ್ದು ಎದ್ದವಳೇ. ಲುಡ್ವಿಗ್ಸ್‌ಹಾಫೆನ್ನಿನ ಬಿಎಎಸ್ಎಫ್ ಕಂಪೆನಿ ಈ ಕಂದಕ ದಾಟಲು ಹದಿನೇಳು ವರ್ಷ ತೆಗೆದುಕೊಂಡಿತು, 1.8 ಕೋಟಿ ಮಾರ್ಕ್ ಸುರಿಯಿತು. ಆ ಕಾಲಕ್ಕೆ ಕಂಪೆನಿಯೊಂದನ್ನು ಮುಳುಗಿಸಬಲ್ಲ ಮೊತ್ತ ಅದು. ದಾರಿ ತೋರಿಸಿದವರು ಝೂರಿಕ್ಕಿನ ಕಾರ್ಲ್ ಹಾಯ್ಮನ್, 1890ರಲ್ಲಿ. ಅದು ಮಾರುಕಟ್ಟೆಗೆ ಬರುವ ಮುನ್ನ 1894ರಲ್ಲೇ ತೀರಿಕೊಂಡರು. ಆ ದಾರಿಯ ಮೊದಲ ಮೆಟ್ಟಿಲು ನ್ಯಾಫ್ತಲೀನ್, ನಾವು ಬಟ್ಟೆಯ ಪೆಟ್ಟಿಗೆಯಲ್ಲಿ ಇಡುವ ನುಸಿ ಗುಳಿಗೆ. ಕಲ್ಲಿದ್ದಲಿನ ಟಾರಿನಿಂದ ಅದು ಬೇಕಾದಷ್ಟು ಸಿಗುತ್ತಿತ್ತು. ಆದರೆ ಅದನ್ನು ಮುಂದಿನ ವಸ್ತುವಾಗಿ ಬದಲಾಯಿಸುವ ಕ್ರಿಯೆ ಬಹಳ ನಿಧಾನ. ಒಂದು ದಿನ ಥರ್ಮಾಮೀಟರು ಒಡೆದು ಪಾದರಸ ಪಾತ್ರೆಗೆ ಬಿತ್ತಂತೆ, ಕ್ರಿಯೆ ಚುರುಕಾಯಿತಂತೆ. ಇದು ನಮ್ಮ ವೃತ್ತಿಯವರ ನೆಚ್ಚಿನ ಕಥೆ. ಒಡೆದದ್ದನ್ನು ಮುಚ್ಚಿಡದೆ ಗಮನಿಸಿ ನೋಡಿದರಲ್ಲ, ಅದೇ ಅದರ ಸ್ವಾರಸ್ಯ. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂತು.

ಈ ಹದಿನೇಳು ವರ್ಷದ ದುಡಿಮೆಯನ್ನು ದರೋಡೆ ಎನ್ನಲು ನನ್ನಿಂದ ಆಗದು. ಆ ನೀಲಿಯಲ್ಲಿ ಭಾರತದ ಒಂದು ಎಲೆಯೂ ಇರಲಿಲ್ಲ. ಹುಡುಗನಿಗೆ ಇಷ್ಟು ಹೇಳಬೇಕಾಗಿತ್ತು.

ಮುಂದೆ ನಡೆದದ್ದೇ ನನಗೆ ಮುಖ್ಯವಾಗಿ ಕಾಣುವುದು. 1897ರಲ್ಲಿ ಗಿಡದಿಂದ ಸುಮಾರು 19,000 ಟನ್ ನೀಲಿ ತಯಾರಾಗುತ್ತಿತ್ತು, ಹೆಚ್ಚಿನ ಪಾಲು ಭಾರತದಲ್ಲಿ. 1914ರ ಹೊತ್ತಿಗೆ ಅದು ಸುಮಾರು 1,000 ಟನ್ನಿಗೆ ಇಳಿಯಿತು. ರೈತ ದ್ವೇಷಿಸುತ್ತಿದ್ದ ಬೆಳೆ ತಾನಾಗಿಯೇ ಸಾಯುತ್ತಿತ್ತು. ಚಂಪಾರಣಿನ ರೈತ ಹಬ್ಬ ಮಾಡಬೇಕಾಗಿತ್ತಲ್ಲವೆ? ಹಾಗಾಗಲಿಲ್ಲ. ದೊರೆಗಳು ಲೆಕ್ಕ ಹಾಕಿದರು. ನೀಲಿ ನಷ್ಟದ ಬೆಳೆಯಾಗಿದೆ, ಆದರೆ ನೀಲಿ ಬೆಳೆಯಬೇಕೆಂಬ ಕರಾರು ರೈತನ ತಲೆಯ ಮೇಲೆ ಇನ್ನೂ ಇದೆ. ಆ ಕರಾರಿನಿಂದ ಬಿಡುಗಡೆ ಬೇಕೇ? ಹಾಗಾದರೆ ಬೆಲೆ ಕೊಡು. ಕಾಯಂ ಗುತ್ತಿಗೆಯ ಹಳ್ಳಿಗಳಲ್ಲಿ ಗೇಣಿಯನ್ನು ಶಾಶ್ವತವಾಗಿ ಏರಿಸಿದರು. ಅದಕ್ಕೆ 'ಶರಹ್‌ಬೇಶಿ' ಎಂದು ಹೆಸರು. ತಾತ್ಕಾಲಿಕ ಗುತ್ತಿಗೆಯ ಹಳ್ಳಿಗಳಲ್ಲಿ 'ತಾವಾನ್' ಎಂದು ಒಟ್ಟಿಗೆ ಹಣ ಕಿತ್ತರು. ಕೈಯಲ್ಲಿ ಹಣವಿಲ್ಲದವರು ಸಾಲಪತ್ರ ಬರೆದುಕೊಟ್ಟರು. ಲುಡ್ವಿಗ್ಸ್‌ಹಾಫೆನ್ನಿನಲ್ಲಿ ಒಡೆದ ಥರ್ಮಾಮೀಟರಿನ ಬಿಲ್ಲನ್ನು ಕಟ್ಟಿದವನು, ಆ ಊರಿನ ಹೆಸರನ್ನೇ ಕೇಳದಿದ್ದ ಬಿಹಾರದ ರೈತ.

ದೇಶದೇಶಗಳು ಹೆಣೆದುಕೊಂಡಾಗ ಬಲಶಾಲಿ ದುರ್ಬಲನಿಂದ ಕಿತ್ತುಕೊಳ್ಳುತ್ತಾನೆ ಎಂಬುದು ನಿಜವಾದರೂ ಅರ್ಧ ಮಾತು. ಲಾಭ ಬಂದಾಗ ಅದು ಮೇಲೇರುವುದನ್ನು ಎಲ್ಲರೂ ನೋಡುತ್ತಾರೆ. ನಷ್ಟ ಬಂದಾಗ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಎಲ್ಲಿ ನಿಲ್ಲುತ್ತದೆ ಎಂದು ನೋಡುವವರು ಕಡಿಮೆ. ಒಬ್ಬರು ಇನ್ನೊಬ್ಬರನ್ನು ಆಳುತ್ತಿದ್ದಾರೆಯೆ ಎಂದು ತಿಳಿಯಲು ಬೆಲೆ ಏರಿದ ವರ್ಷವನ್ನು ನೋಡಬಾರದು, ಬಿದ್ದ ವರ್ಷವನ್ನು ನೋಡಬೇಕು ಎಂಬುದು ನನ್ನ ವಾದ. ಬೆಸುಗೆ ಕಳಚಿದ ಮಾತ್ರಕ್ಕೆ ಕೆಳಗಿನವನು ಬಿಡುಗಡೆಯಾಗುವುದಿಲ್ಲ; ಕರಾರನ್ನು ಬರೆದವನು ಯಾರು ಎಂಬುದು ಉಳಿದೇ ಇರುತ್ತದೆ.

ಕರಾರು ಹರಿದದ್ದು ರಸಾಯನಶಾಸ್ತ್ರದಿಂದಲ್ಲ. 1916ರ ಡಿಸೆಂಬರಿನಲ್ಲಿ ರಾಜಕುಮಾರ ಶುಕ್ಲ ಎಂಬ ರೈತ ಲಕ್ನೋ ಕಾಂಗ್ರೆಸ್ಸಿಗೆ ಹೋಗಿ ಗಾಂಧೀಜಿಯವರನ್ನು ಹಿಡಿದರು, ಬಿಡಲಿಲ್ಲ. 1917ರಲ್ಲಿ ಗಾಂಧೀಜಿ ಚಂಪಾರಣಿಗೆ ಬಂದು ಸಾವಿರಾರು ರೈತರ ಹೇಳಿಕೆ ಬರೆಸಿಕೊಂಡರು. 1918ರ ಶಾಸನ ತೀನ್‌ಕಠಿಯಾವನ್ನು ತೆಗೆದುಹಾಕಿತು. ತಾವಾನ್ ಹಣದಲ್ಲಿ ರೈತನಿಗೆ ವಾಪಸು ಬಂದದ್ದು ನಾಲ್ಕರಲ್ಲಿ ಒಂದು ಪಾಲು ಮಾತ್ರ. ದೊರೆ ವಾಪಸು ಕೊಟ್ಟನೆಂಬುದೇ ದೊಡ್ಡದು ಎಂದು ಪುಸ್ತಕಗಳು ಹೇಳುತ್ತವೆ. ಇರಬಹುದು. ಉಳಿದ ಮುಕ್ಕಾಲು ಪಾಲಿನ ಬಗ್ಗೆ ನನಗೆ ಈಗಲೂ ಬೇಸರವಿದೆ.

ಆಳುವವನೂ ಹೆಣಿಗೆಯಿಂದ ಹೊರಗಿರುವುದಿಲ್ಲ. ಕೃತಕ ಬಣ್ಣವನ್ನು ಮೊದಲು ಕಂಡದ್ದು ಲಂಡನ್ನಿನಲ್ಲಿ. 1856ರಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಮಾಡಿಬಿಟ್ಟ. ಆದರೆ ಉದ್ಯಮವಾಗಿ ಅದನ್ನು ಬೆಳೆಸಿದವರು ಜರ್ಮನರು. ವಸಾಹತುಗಳ ಸಸ್ತಾ ನೀಲಿ ಕೈಯಲ್ಲಿದ್ದ ಇಂಗ್ಲೆಂಡಿಗೆ ಅಂಥ ತುರ್ತು ಕಾಣಲಿಲ್ಲವೆಂದು ನನ್ನ ಊಹೆ. ತಿರ್ಹುತ್ತಿನ ದೊರೆಗಳು ಗಂಭೀರವಾಗಿ ರಸಾಯನಶಾಸ್ತ್ರಜ್ಞರನ್ನು ಹುಡುಕಿದ್ದು ಕೃತಕ ನೀಲಿ ಬಾಗಿಲಿಗೆ ಬಂದ ಮೇಲೆ. 1914ರಲ್ಲಿ ಯುದ್ಧ ಶುರುವಾದಾಗ ಪ್ರಪಂಚವನ್ನೇ ಆಳುತ್ತಿದ್ದ ಬ್ರಿಟನ್ನಿಗೆ ತನ್ನ ಸೈನಿಕರ ಬಟ್ಟೆಗೆ ಹಾಕುವ ಬಣ್ಣಕ್ಕೂ ತತ್ವಾರವಾಯಿತು. ಬಣ್ಣದ ಬಹುಪಾಲು ಬರುತ್ತಿದ್ದದ್ದು ಶತ್ರುವಿನ ದೇಶದಿಂದ. 1916ರ ಜುಲೈಯಲ್ಲಿ 'ಡಾಯ್ಚ್‌ಲಾಂಡ್' ಎಂಬ ಜರ್ಮನ್ ಜಲಾಂತರ್ಗಾಮಿ ಸಮುದ್ರದ ದಿಗ್ಬಂಧನ ತಪ್ಪಿಸಿಕೊಂಡು ಅಮೆರಿಕದ ಬಾಲ್ಟಿಮೋರ್ ಸೇರಿತು. ಅದು ಹೊತ್ತು ತಂದ ಸರಕು ಬಣ್ಣ!

ಅದೇ ಯುದ್ಧ ನಮ್ಮ ಮೈಸೂರಿನ ಒಂದು ಕೊಂಡಿಯನ್ನೂ ಕಳಚಿತು. ಮೈಸೂರು ಸಂಸ್ಥಾನದ ಶ್ರೀಗಂಧ ಅಲ್ಲಿಯವರೆಗೆ ಕೊರಡಿನ ರೂಪದಲ್ಲಿ ಹೊರಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ಕೆಲಸದ ಬಹುಪಾಲು ನಡೆಯುತ್ತಿದ್ದದ್ದು ಜರ್ಮನಿಯಲ್ಲಿ. 1914ರಲ್ಲಿ ಕೊಳ್ಳುವವರಿಲ್ಲದೆ ಮರ ಬಿದ್ದಿತು. ನಷ್ಟ ತಮ್ಮ ಬೊಕ್ಕಸಕ್ಕೇ ಇಳಿದದ್ದರಿಂದ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಸುಮ್ಮನೆ ಕೂರಲಿಲ್ಲ. ದಿವಾನರು ವಿಶ್ವೇಶ್ವರಯ್ಯನವರು, ಕೈಗಾರಿಕೆಗಳನ್ನು ನೋಡಿಕೊಳ್ಳುತ್ತಿದ್ದವರು ಆಲ್ಫ್ರೆಡ್ ಚಾಟರ್ಟನ್. ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ್ದ ಟಾಟಾ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆಯನ್ನು ಬಟ್ಟಿ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಶುರುವಾಯಿತು, ಬೆನ್ನಿಗೇ ಮೈಸೂರಿನಲ್ಲಿ. ಊರಿಗೆ ಹೋದಾಗಲೆಲ್ಲ ನೀವು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುವ ಮೈಸೂರು ಸ್ಯಾಂಡಲ್ ಸಾಬೂನು ಆ ಒಡೆದ ಕೊಂಡಿಯ ಫಲ.

ಚಪ್ಪಾಳೆ ತಟ್ಟುವ ಮೊದಲು ಒಂದು ಮಾತು. ಬಿಹಾರದವರಿಗೆ ಆಗದ್ದು ನಮಗೆ ಆಯಿತೆಂದರೆ ಕನ್ನಡಿಗರು ಹೆಚ್ಚು ಜಾಣರೆಂದು ಅರ್ಥವಲ್ಲ. ಮೈಸೂರಿಗೆ ತನ್ನದೇ ಖಜಾನೆ ಇತ್ತು, ಮರದ ಮೇಲೆ ಪೂರ್ತಿ ಹಕ್ಕಿತ್ತು, ಕೂಗಳತೆಯಲ್ಲಿ ಪ್ರಯೋಗಶಾಲೆ ಇತ್ತು. ಚಂಪಾರಣಿನ ರೈತನಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಎರಡನೆಯದಾಗಿ, ಆ ಪೂರ್ತಿ ಹಕ್ಕು ಯಾರ ಮೇಲಿನ ಹಕ್ಕು? ಟೀಪುವಿನ ಕಾಲದಲ್ಲಿ ರಾಜವೃಕ್ಷವೆನಿಸಿಕೊಂಡ ಗಂಧದ ಮರ, ರೈತನ ಬೇಲಿಯಲ್ಲಿ ಹುಟ್ಟಿದರೂ ರೈತನದಾಗಲಿಲ್ಲ. ಕಾಯುವ ಹೊಣೆ ಅವನದು, ಕಳುವಾದರೆ ವಿಚಾರಣೆ ಅವನಿಗೆ. ಹೊಲದಲ್ಲಿ ಗಂಧದ ಸಸಿ ಕಂಡರೆ ಸದ್ದಿಲ್ಲದೆ ಕಿತ್ತುಹಾಕುವುದೇ ಕ್ಷೇಮವೆಂದು ಹಳ್ಳಿಗರು ಕಲಿತರು. ಸ್ವಂತ ಜಮೀನಿನ ಮರ ಸ್ವಂತದ್ದು ಎಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕುನನುರಾ ಎಂಬಲ್ಲಿ ಅದೇ ಜಾತಿಯ ಶ್ರೀಗಂಧದ ತೋಟಗಳು ಎದ್ದಿದ್ದವು. ಇಲ್ಲಿ ಬ್ರಿಟಿಷರನ್ನು ಬೈಯುವುದಕ್ಕೆ ಹೆಚ್ಚು ಅವಕಾಶವಿಲ್ಲ. ಕರಾರು ಬರೆದವರು ನಾವೇ, ಸಸಿ ಕಿತ್ತವರೂ ನಾವೇ.

ಮತ್ತೆ ರೈನ್ ದಂಡೆ. ಗಿಡದ ನೀಲಿಯನ್ನು ಮುಗಿಸಿದ ಈ ನದಿಯ ನೀಲಿಯೂ ಶಾಶ್ವತವಾಗಲಿಲ್ಲ. ಇಂದು ಜಗತ್ತಿನ ಕೃತಕ ನೀಲಿಯ ಬಹುಪಾಲು ತಯಾರಾಗುವುದು ಚೀನದಲ್ಲಿ. 2022ರಲ್ಲಿ ರಷ್ಯದ ಅನಿಲ ನಿಂತಾಗ ಇಲ್ಲಿಯ ರಾಸಾಯನಿಕ ಕಾರ್ಖಾನೆಗಳು ನಡುಗಿದ್ದು ನಿಮಗೆ ನೆನಪಿದೆ. 2023ರ ಫೆಬ್ರವರಿಯಲ್ಲಿ ಬಿಎಎಸ್ಎಫ್ ಕಂಪೆನಿ ಲುಡ್ವಿಗ್ಸ್‌ಹಾಫೆನ್ನಿನ ಎರಡು ಅಮೋನಿಯಾ ಘಟಕಗಳಲ್ಲಿ ಒಂದನ್ನು ಮುಚ್ಚುವುದಾಗಿ ಹೇಳಿತು. ಚೀನದ ಝಾನ್‌ಜಿಯಾಂಗಿನಲ್ಲಿ ಅದೇ ಕಂಪೆನಿ ಹೊಸದೊಂದು ದೊಡ್ಡ ಸ್ಥಾವರ ಕಟ್ಟಿತು. ನಮ್ಮ ಮೆಟ್ಟಿಲ ಕೆಳಗಿನ ಮನೆಯ ಜರ್ಮನ್ ಅಜ್ಜ ಕಸದ ಡಬ್ಬ ಇಡಲು ಬಂದಾಗಲೆಲ್ಲ ಈ ಮಾತೆತ್ತುತ್ತಾರೆ. ನಮ್ಮ ಕಾಲ ಮುಗಿಯಿತು ಎಂಬ ಧಾಟಿ. ನಾನು ಅವರಿಗೆ ಚಂಪಾರಣಿನ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ರೈತರಿಗೆ ಕಾರ್ಮಿಕರ ಸಮಿತಿ ಇರಲಿಲ್ಲವೆ ಎಂದು ಕೇಳಿದರು.

ನನಗೆ ನಗು ಬಂತು, ಆದರೆ ಕೇಳಿದ್ದು ಸರಿಯಾದ ಪ್ರಶ್ನೆ. ಈ ದೇಶದಲ್ಲಿ 1976ರ ಶಾಸನದಂತೆ, ಎರಡು ಸಾವಿರಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪೆನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧದಷ್ಟು ಸ್ಥಾನ ಕೆಲಸಗಾರರ ಕಡೆಯವರದು. ಘಟಕ ಮುಚ್ಚುವುದನ್ನು ಅದು ತಪ್ಪಿಸಲಾರದು. ಮುಚ್ಚಿದ್ದರ ಬಿಲ್ಲು ಪೂರ್ತಿಯಾಗಿ ಕೆಳಗಿನ ಮೆಟ್ಟಿಲಿಗೇ ಉರುಳದಂತೆ ಒಂದಿಷ್ಟು ತಡೆಯಬಲ್ಲದು. ಅಜ್ಜನ ಚಿಂತೆ ಸುಳ್ಳಲ್ಲ, ಆದರೆ ಅವರ ಮಗ ತಾವಾನ್ ಕಟ್ಟಬೇಕಾಗಿಲ್ಲ. ಈ ಏರ್ಪಾಡಿನ ನೆರಳಿನಲ್ಲೇ ನಾವೂ ಸಂಬಳ ಎಣಿಸುತ್ತಿದ್ದೇವೆ. ಅದೇ ವೇಳೆ, ನಾವು ಅಗ್ಗಕ್ಕೆ ಕೊಳ್ಳುವ ಅಂಗಿಯನ್ನು ಹೊಲಿದ ಬಾಂಗ್ಲಾದೇಶದ ಹೆಣ್ಣುಮಗಳಿಗೆ ಅಂಥ ನೆರಳಿಲ್ಲ. 2020ರಲ್ಲಿ ಕೊರೋನಾ ಬಂದಾಗ ಪಾಶ್ಚಾತ್ಯ ಅಂಗಡಿಗಳು ಕೊಟ್ಟ ಆರ್ಡರುಗಳನ್ನೇ ರದ್ದು ಮಾಡಿದವು. ಅಲ್ಲಿ ಲಕ್ಷಾಂತರ ಜನ ಕೂಲಿಯಿಲ್ಲದೆ ಮನೆಗೆ ಹೋದರು. ನದಿಯಾ, ಜೆಸ್ಸೋರ್ ಜಿಲ್ಲೆಗಳ ಸೀಮೆಯೇ ಅದು. ಜೆಸ್ಸೋರ್ ಇಂದು ಬಾಂಗ್ಲಾದೇಶದಲ್ಲಿದೆ. ನಮ್ಮ ಹುಡುಗ ಈ ಸಲ ಸಾಲಿನಲ್ಲಿ ಸಿಕ್ಕರೆ, ದೋಚಿದವರು ಯಾರು ಎಂಬುದರ ಜೊತೆಗೆ ಈ ರದ್ದಾದ ಆರ್ಡರುಗಳ ಲೆಕ್ಕವನ್ನೂ ಕೇಳುವುದೆಂದು ಮಾಡಿದ್ದೇನೆ. ಅವನ ಮೈಮೇಲಿನ ಜೀನ್ಸೂ, ನನ್ನದೂ, ಅದೇ ಬಾಬತ್ತಿನದು. ಹಿರಿಯರನ್ನು, ಎತ್ತಿನ ಗಾಡಿಗೂ ರೈಲಿಗೂ ನಡುವೆ ಟಿಕೇಟಿನ ಹಣ ಯಾರು ಕೊಟ್ಟರು ಎಂದು ಕೇಳಬೇಕು.

ಕಾರ್ಯದರ್ಶಿಗಳು ಒಪ್ಪಿದ್ದಾರೆ: ಯುಗಾದಿ ಕೂಟದ ಮಧ್ಯಾಹ್ನ ಅಡುಗೆಮನೆಯ ಹಿಂದಿನ ಅಂಗಳದಲ್ಲಿ, ಸುಣ್ಣ ಬೆಲ್ಲ ಹಾಕಿ ಒಂದು ನೀಲಿ ತೊಟ್ಟಿ ಸಿದ್ಧಮಾಡುತ್ತೇನೆ. ತೊಟ್ಟಿಯಲ್ಲಿ ಅದ್ದಿದ ಬಟ್ಟೆ ಹಳದಿ ಹಸಿರಾಗಿ ಹೊರಬಂದು, ಗಾಳಿಗೆ ಹಿಡಿದ ಎರಡು ಮೂರು ನಿಮಿಷದಲ್ಲಿ ಕಣ್ಣೆದುರೇ ನೀಲಿಯಾಗುವುದನ್ನು ಮಕ್ಕಳು ನೋಡಬಹುದು. ಸುಣ್ಣ ಕೈ ಸುಡುತ್ತದೆ, ಆದ್ದರಿಂದ ಕೈಚೀಲ ನಾನೇ ತರುತ್ತೇನೆ. ಮಕ್ಕಳಿಗೆ ಹಬ್ಬದ ಬಟ್ಟೆ ಬೇಡ, ಹಳೆಯದನ್ನು ತೊಡಿಸಿ ಕಳುಹಿಸಿ. ಕಲೆಯಾದರೆ ಹೋಗುವುದಿಲ್ಲ.